ನಾನು ತೆಗೆಸಿದ ದನಿ

ನನ್ನ ದನಿ ನನಗೆ ಸೇರುವುದಿಲ್ಲ. ಹೀಗೆಂದರೆ ಜನ ಸಮಾಧಾನ ಹೇಳುತ್ತಾರೆ, ರೆಕಾರ್ಡಿನಲ್ಲಿ ಕೇಳಿದರೆ ಯಾರ ದನಿಯೂ ಅವರಿಗೆ ಇಷ್ಟವಾಗುವುದಿಲ್ಲ ಬಿಡಿ ಎಂದು. ನನ್ನದು ಆ ಬಗೆಯದಲ್ಲ. ನನ್ನ ದನಿ ಹಲವು ವರ್ಷ, ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಂಡ ಕಂಪ್ಯೂಟರುಗಳಿಗೆ ಸಿಗುವ ಒಂದು ಪ್ಯಾಕೇಜಾಗಿತ್ತು, ಅಂದರೆ ಒಂದು ತಂತ್ರಾಂಶ. ಕಣ್ಣು ಕಾಣದವರು, ಓದಲು ಬೇಸರವಿರುವವರು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಕನ್ನಡದಲ್ಲಿರುವ ಏನನ್ನಾದರೂ ಅದರಿಂದ ಓದಿಸಿಕೊಳ್ಳಬಹುದಿತ್ತು. ಅದನ್ನು ಅಲ್ಲಿಂದ ತೆಗೆಸಿದವನೂ ನಾನೇ.

ನಾನು ಇರುವುದು ಹೊಸಪೇಟೆಯಲ್ಲಿ, ಹುಟ್ಟಿದ್ದು ಕಂಪ್ಲಿಯಲ್ಲಿ. ಹೊಟ್ಟೆಪಾಡಿಗೆ ಸಂಡೂರಿನ ಅದಿರು ಕಚೇರಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಹೊಟ್ಟೆಪಾಡಲ್ಲದ ಕೆಲಸವೊಂದು ಬಹಳ ಹಿಂದೆಯೇ ಗಂಟುಬಿತ್ತು. ಲಿನಕ್ಸಿನ ಒಂದು ಬಳಗಕ್ಕೆ ಕನ್ನಡದ ಪ್ಯಾಕೇಜುಗಳನ್ನು ಸಿದ್ಧಮಾಡಿ ಕೊಡುವುದು, ಅವು ಕೆಟ್ಟರೆ ರಿಪೇರಿ ಮಾಡುವುದು. ಇದಕ್ಕೆ ಯಾರೂ ಬಿಡಿಗಾಸು ಕೊಡುವುದಿಲ್ಲ. ಬಚ್ಚಲಿನ ನಲ್ಲಿ ಸೋರಿ ಸೋರಿ ಸಾಕಾಗಿದೆ, ಅದಕ್ಕೂ ಒಂದು ಪ್ಯಾಕೇಜು ಮಾಡಿ ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ.

ದನಿಯ ಪ್ಯಾಕೇಜು ಮಾಡುವ ಹುಕಿ ಹತ್ತಿದಾಗ ನನಗೆ ಮೂವತ್ತು ತುಂಬಿರಲಿಲ್ಲ. ಕನ್ನಡ ಓದುವ ದನಿಯೊಂದು ಬೇಕು ಎಂದು ಬಳಗದಲ್ಲಿ ಮಾತು ಬಂದಾಗ ಬೇರೆ ಯಾರೂ ಮುಂದೆ ಬರಲಿಲ್ಲ, ನಾನು ಬಂದೆ. ಒಬ್ಬನೇ ಮನುಷ್ಯ ಸಾವಿರಾರು ವಾಕ್ಯಗಳನ್ನು ಒಂದೇ ಹದದಲ್ಲಿ ಓದಬೇಕು, ಹಿಂದೆ ಮುಂದೆ ಸದ್ದಿರಬಾರದು. ಆಮೇಲೆ ಅದನ್ನು ತುಂಡುತುಂಡಾಗಿ ಕತ್ತರಿಸಿ, ಯಂತ್ರ ತನಗೆ ಬೇಕಾದ ಹಾಗೆ ಜೋಡಿಸಿಕೊಂಡು ಮಾತಾಡುವಂತೆ ಮಾಡಬೇಕು. ಹೊಸಪೇಟೆಯ ನಮ್ಮ ಓಣಿಯಲ್ಲಿ ಸದ್ದಿಲ್ಲದ ಜಾಗವೆಂದರೆ ದೇವರಕೋಣೆ, ಅಲ್ಲೂ ಪಕ್ಕದ ಮನೆಯ ಟಿವಿ ಕೇಳುತ್ತದೆ. ಕೊನೆಗೆ ಕಂಪ್ಲಿಯಲ್ಲಿ ಸೋದರಮಾವನ ಅಕ್ಕಿಗಿರಣಿಯ ಗೋದಾಮು ಸಿಕ್ಕಿತು. ಅಮಾವಾಸ್ಯೆ ದಿನ ಅವರು ಗಿರಣಿ ನಿಲ್ಲಿಸಿ ಯಂತ್ರಕ್ಕೆ ಪೂಜೆ ಮಾಡುತ್ತಿದ್ದರು, ಹಮಾಲರಿಗೆ ರಜೆ. ಸುತ್ತ ಭತ್ತದ ಚೀಲಗಳು ಸೂರಿನವರೆಗೆ. ಚೀಲಗಳು ಸದ್ದನ್ನೆಲ್ಲ ಹೀರಿಕೊಳ್ಳುವುದರಿಂದ ಅಲ್ಲಿ ಮಾತಾಡಿದರೆ ಮಾತು ಬಾಯಿಯ ಮುಂದೆಯೇ ಬಿದ್ದ ಹಾಗಾಗುತ್ತಿತ್ತು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹೋಗಿ ಓದಿದೆ. ಮಾವ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಆ ದಿನಗಳಲ್ಲಿ ನನಗೆ ನಾಚಿಕೆ ಎಂಬುದು ಗೊತ್ತಿರಲಿಲ್ಲ. ನಾನು ಹೇಗೆ ಮಾತಾಡುತ್ತಿದ್ದೆನೋ ಹಾಗೆಯೇ ಓದಿದೆ.

ನಾಚಿಕೆ ಕಲಿಸಿದ್ದು ಹಂಪಿ. ಪ್ಯಾಕೇಜು ಹೊರಗೆ ಬಂದು ಕೆಲವು ವರ್ಷಗಳಾದ ಮೇಲೆ ನಮ್ಮ ಬಳಗದವರೆಲ್ಲ ಒಮ್ಮೆ ಅಲ್ಲಿ ಸೇರಿದೆವು. ಊರವನು ನಾನೇ ಆದ್ದರಿಂದ ಉಳಿದುಕೊಳ್ಳುವ, ಊಟದ ಏರ್ಪಾಡೆಲ್ಲ ನನ್ನದು. ಬೆಳಿಗ್ಗೆ ಹಂಪಿ ಸುತ್ತಿಸಿದೆ, ಮಧ್ಯಾಹ್ನ ಕಮಲಾಪುರದ ಒಂದು ಸಭಾಂಗಣದಲ್ಲಿ ಬಾಳೆಎಲೆ ಊಟ ಹಾಕಿಸಿದೆ. ಆಮೇಲೆ ಒಬ್ಬೊಬ್ಬರೂ ತಾವು ಮಾಡಿದ್ದನ್ನು ತೋರಿಸುವ ಕಾರ್ಯಕ್ರಮ. ನಾನು ನನ್ನ ದನಿಯಿಂದ ಹಂಪಿಯ ಬಗ್ಗೆ ನಾನೇ ಬರೆದ ಒಂದು ಪುಟ ಓದಿಸಿದೆ. ಸ್ಪೀಕರು ದೊಡ್ಡದಿತ್ತು. ಒಂದೆರಡು ವಾಕ್ಯ ಆಗುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದಕ್ಷಿಣದ ಕಡೆಯ ಒಬ್ಬ ತರುಣ, ಕೆಟ್ಟವನಲ್ಲ, ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದವನು, ಇದೇನು ಸಾರ್ ಬಸ್ ಕಂಡಕ್ಟರ್ ಸ್ಟಾಪು ಕೂಗಿದ ಹಾಗಿದೆ ಎಂದ. ಸಭೆಗೆ ಸಭೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಆ ನಗುವಿನಲ್ಲಿ ವಿಷವೇನೂ ಇರಲಿಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ಅವತ್ತು ಸ್ಪೀಕರಿನಲ್ಲಿ ನನ್ನ ಮಾತು ನನಗೆ ಮೊದಲ ಸಲ ಹೊರಗಿನವರ ಕಿವಿಯಿಂದ ಕೇಳಿಸಿತು. ಕೊನೆಗಳನ್ನು ನುಂಗಿ, ನಡುವೆ ಜಗ್ಗಿ, ಸಂತೆಯಲ್ಲಿ ನಿಂತು ಯಾರನ್ನೋ ಕೂಗಿ ಕರೆಯುವಂಥ ಮಾತು. ಅಂದಿನಿಂದ ನಾಲಿಗೆ ತಿದ್ದಿಕೊಳ್ಳಲು ತೊಡಗಿದೆ. ಮೊದಲು ಸಂಡೂರಿನ ಕಚೇರಿಯಲ್ಲಿ, ಆಮೇಲೆ ಫೋನಿನಲ್ಲಿ, ಕೊನೆಗೆ ಮನೆಯಲ್ಲಿಯೂ. ಒಂದು ಮದುವೆಯ ಪಂಕ್ತಿಯಲ್ಲಿ ನಾನು ಸಾರು ಬಡಿಸುವವನಿಗೆ ‘ಸ್ವಲ್ಪ ಸಾಕು’ ಎಂದದ್ದನ್ನು ಕೇಳಿ, ನಮ್ಮ ಚಿಕ್ಕಪ್ಪ ರೇಡಿಯೋ ನುಂಗಿದ್ದೀಯೇನು ಎಂದು ಕೇಳಿದರು. ನನಗೆ ಒಳಗೊಳಗೆ ಖುಷಿಯಾಯಿತು.

ಇನ್ನು ತೆಗೆಸಿದ ಮಾತು. ಲಿನಕ್ಸಿನ ಹೊಸ ರಿಲೀಸು, ಅಂದರೆ ಹೊಸ ಆವೃತ್ತಿ, ಆಗಾಗ ಬರುತ್ತಿರುತ್ತದೆ, ಹಳೆಯವು ಒಂದಷ್ಟು ಕಾಲ ಅದರ ಜೊತೆಗೇ ನಡೆಯುತ್ತವೆ. ಯಾರೂ ನೋಡಿಕೊಳ್ಳದ ಹಳೇ ಪ್ಯಾಕೇಜುಗಳನ್ನು ಹೊಸ ರಿಲೀಸಿಗೆ ಸೇರಿಸುವುದಿಲ್ಲ. ಅದು ಸರಿಯಾದ ಪದ್ಧತಿ, ಮನೆ ಎಂದ ಮೇಲೆ ಕಸ ಗುಡಿಸಲೇಬೇಕು. ಆದರೆ ಹಳೆಯ ರಿಲೀಸುಗಳಲ್ಲಿ ಇರುವುದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಳಸುವವರು ಬಳಸಿಕೊಂಡಿರಲಿ ಎಂದು ಬಿಟ್ಟುಬಿಡುತ್ತಾರೆ. ಅಲ್ಲಿಂದಲೂ ತೆಗೆಯಬೇಕಾದರೆ ಪ್ಯಾಕೇಜಿನವನೇ ಕೇಳಬೇಕು, ಕಾರಣ ಕೊಡಬೇಕು. ಕಳೆದ ಸಲ ಇಂಥ ಗುಡಿಸುವ ಕೆಲಸದ ಪಾಳಿ ನನ್ನದಾಗಿತ್ತು. ಬೇರೆಯವರ ಹಳೇ ಪ್ಯಾಕೇಜುಗಳನ್ನು ಒಂದೊಂದಾಗಿ ನೋಡುತ್ತ ನನ್ನದಕ್ಕೆ ಬಂದೆ. ಆ ಹೊತ್ತಿಗೆ ಹೊಸದೊಂದು ಹೆಣ್ಣುದನಿ ಬಂದಿತ್ತು, ಬೆಣ್ಣೆಯಂಥದು. ನನ್ನದನ್ನು ಹೊಸ ರಿಲೀಸಿನಿಂದ ಕೈಬಿಟ್ಟೆ, ಇನ್ನೂ ನಡೆಯುತ್ತಿದ್ದ ಹಳೆಯ ರಿಲೀಸುಗಳಿಂದಲೂ ತೆಗೆಯಿರಿ ಎಂದು ಕೇಳಿದೆ. ಹಳತಾಗಿದೆ, ಯಾರೂ ಬಳಸುತ್ತಿಲ್ಲ, ಇದಕ್ಕಿಂತ ಒಳ್ಳೆಯದು ಇದೆ ಎಂದು ಕಾರಣ ಬರೆದೆ. ಯಾರಿಗಾದರೂ ಆಕ್ಷೇಪವಿದ್ದರೆ ಹೇಳಲಿ ಎಂದು ಪದ್ಧತಿಯಂತೆ ಇಂಗ್ಲಿಷಿನಲ್ಲಿ ಒಂದು ಪ್ರಕಟಣೆ ಹಾಕಿ ಕಾದೆ. ಯಾರೂ ಏನೂ ಹೇಳಲಿಲ್ಲ. ಅಚ್ಚುಕಟ್ಟಾಗಿ ಗುಡಿಸಿದ್ದಕ್ಕೆ ಬಳಗದವರು ನನಗೆ ಧನ್ಯವಾದ ಹೇಳಿದರು.

ನಿರಾಳವಾಯಿತು. ಮೂಲ ರೆಕಾರ್ಡುಗಳಿದ್ದ ಹಾರ್ಡ್‌ಡಿಸ್ಕು ಅದಕ್ಕೂ ಮುಂಚೆಯೇ ಸತ್ತಿತ್ತು, ಅದಕ್ಕಾಗಿ ನಾನು ಅತ್ತಿರಲಿಲ್ಲ.

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯವನೊಬ್ಬ ನನಗೆ ಪರಿಚಯ. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಫೋನು ಬಂತು. ಕಂಪ್ಲಿಯ ಒಬ್ಬ ಹೆಣ್ಣುಮಗಳು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ಹುಟ್ಟಿನಿಂದ ಕಣ್ಣು ಕಾಣದು. ಆಕೆಯ ಲ್ಯಾಪ್‌ಟಾಪಿನ ಡಿಸ್ಕು ಕೆಟ್ಟಿದ್ದಕ್ಕೆ ಇವನು ಹೊಸದು ಹಾಕಿ ಮೊದಲಿದ್ದ ಲಿನಕ್ಸನ್ನೇ ತುಂಬಿಸಿ ಕೊಟ್ಟಿದ್ದಾನೆ. ಎಲ್ಲ ಬಂದಿದೆ, ಓದುವ ದನಿ ಮಾತ್ರ ಬಂದಿಲ್ಲ. ಎಲ್ಲಿ ಹುಡುಕಿದರೂ ಇಲ್ಲ ಎನ್ನುತ್ತಿದೆ. ಆಕೆಗೆ ಇಲಾಖಾ ಪರೀಕ್ಷೆ ಹತ್ತಿರ ಬಂದಿದೆ, ಈ ಸಲ ಪಾಸಾಗದಿದ್ದರೆ ನೌಕರಿ ಕಾಯಂ ಆಗುವುದಿಲ್ಲ, ಓದಬೇಕಾದ ನಿಯಮಗಳೆಲ್ಲ ಆ ಲ್ಯಾಪ್‌ಟಾಪಿನಲ್ಲೇ ಇವೆ. ಒಂದು ಸಲ ಹೋಗಿ ಬರಲು ಆಗುತ್ತದೆಯೇ ಎಂದು ಕೇಳಿದ. ಯಾವ ದನಿ ಎಂದು ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಲ್ಲೇ ಒಮ್ಮೆ ಕೆಮ್ಮಿದೆ.

ಭಾನುವಾರ ಕಂಪ್ಲಿಯ ಬಸ್ಸು ಹತ್ತಿದೆ. ನನ್ನ ಲೆಕ್ಕ ಸುಲಭವಾಗಿತ್ತು. ಹೊಸ ಹೆಣ್ಣುದನಿ ಹಾಕಿ ಕೊಡುವುದು, ಚಹಾ ಕುಡಿದು ಬರುವುದು. ಇನ್ನೊಂದು ಲೆಕ್ಕವೂ ಇತ್ತು. ಆಕೆಯ ಎದುರು ಆದಷ್ಟು ಕಡಿಮೆ ಮಾತಾಡುವುದು, ಆಡಿದರೂ ತಿದ್ದಿಕೊಂಡ ಮಾತೇ ಆಡುವುದು. ಗುರುತು ಸಿಕ್ಕರೆ ಯಾಕೆ ತೆಗೆದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದು ಹೆದರಿದ್ದೆ.

ಬಾಗಿಲು ತೆರೆದವರು ಆಕೆಯ ತಾಯಿ. ಬರ್ರಿ, ಕುಂದ್ರಿ ಎಂದು ಚಾಪೆ ಹಾಸಿದರು. ನಾನು ಕೈಮುಗಿದು ಕೂತೆ. ಮಗಳು ಒಳಗಿನಿಂದ ಗೋಡೆ ಸವರದೆ, ಅಳತೆಯ ಹೆಜ್ಜೆಯಲ್ಲಿ ಬಂದು ಎದುರು ಕೂತರು. ಮೂವತ್ತರ ಆಚೀಚಿನವರು, ಬಿಗಿಯಾದ ಜಡೆ, ಬಿಗಿಯಾದ ಬಾಯಿ. ಬಂದದ್ದಕ್ಕೆ ಉಪಕಾರವಾಯಿತು ಎಂದರು, ಆದರೆ ಸಿಟ್ಟಿನಲ್ಲಿದ್ದರು. ನನ್ನ ಮೇಲಲ್ಲ, ಒಟ್ಟಾರೆ. ಪಾಠಗಳನ್ನು ಯಾರಿಂದಲಾದರೂ ಓದಿಸಿಕೊಳ್ಳಿ ಎಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಾರಂತೆ. ತಾಯಿಗೆ ಅಕ್ಷರ ಬಾರದು. ಓದಿ ಹೇಳಲು ಬಂದವರು ಗಡಿಯಾರ ನೋಡುತ್ತಾರಂತೆ, ಅದು ತಮಗೆ ಕೇಳಿಸುತ್ತದಂತೆ.

ತಾಯಿ ತಟ್ಟೆ ತುಂಬ ಮಂಡಕ್ಕಿ ಒಗ್ಗರಣಿ, ಮೇಲೆ ಎರಡು ಮಿರ್ಚಿ ತಂದಿಟ್ಟರು. ನಾನು ‘ಹೂಂ’ ‘ಆಯಿತು’ ಎನ್ನುತ್ತ ಕೆಲಸ ಮಾಡುತ್ತಿದ್ದೆ. ಮಾತು ತಪ್ಪಿಸಿಕೊಳ್ಳಲು ಮಿರ್ಚಿ ಬಹಳ ಉಪಯೋಗಕ್ಕೆ ಬಂತು. ಬಾಯಿ ಸುಟ್ಟುಕೊಂಡಾಗಲೂ ತಿದ್ದಿದ ಕನ್ನಡದಲ್ಲೇ ನೀರು ಕೇಳಿದೆ. ಈ ಸರ್ ಭಾಳ ಮಾತು ಕಡಿಮಿ ಎಂದು ತಾಯಿ ಮಗಳಿಗೆ ಹೇಳಿ, ನಲ್ಲಿಗೆ ನೀರು ಬಂದಿದೆ ಎಂದು ಕೊಡ ತೆಗೆದುಕೊಂಡು ಹೊರಗೆ ಹೋದರು.

ಹೊಸ ದನಿ ಆ ಹಳೇ ಲ್ಯಾಪ್‌ಟಾಪಿಗೆ ಭಾರವಾಯಿತು. ಒಂದು ವಾಕ್ಯ ಹೇಳಿ ದಮ್ಮು ತೆಗೆದುಕೊಳ್ಳುತ್ತಿತ್ತು. ಆಕೆ ತಾವೇ ವೇಗ ಹೆಚ್ಚಿಸಿದರು. ಕಣ್ಣಿಲ್ಲದವರು ಯಂತ್ರವನ್ನು ಎಷ್ಟು ವೇಗವಾಗಿ ಓದಿಸಿ ಕೇಳುತ್ತಾರೆಂದರೆ ನಮಗೆ ಹುರಿಗಡಲೆ ಸುರಿದಂತೆ ಕೇಳುತ್ತದೆ. ಆ ವೇಗಕ್ಕೆ ಬೆಣ್ಣೆಯಂಥ ದನಿ ಕರಗಿಯೇ ಹೋಯಿತು, ಒಂದಕ್ಷರ ತಿಳಿಯಲಿಲ್ಲ. ಆಕೆ ಕೀಲಿಮಣೆಯಿಂದ ಕೈ ತೆಗೆದರು. ಆಮೇಲೆ, ಮಾರನೆಯ ದಿನ ಮೇಲಿನವರು ಏನೋ ಕೇಳುವವರಿದ್ದಾರೆ, ರಜೆ ನಿಯಮಗಳ ಒಂದು ಪುಟವನ್ನಾದರೂ ನೀವೇ ಓದಿ, ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತೇನೆ ಎಂದರು. ಇದಕ್ಕೆ ಇಲ್ಲ ಎನ್ನುವುದು ಹೇಗೆ? ಪರದೆಯ ಮೇಲಿನದನ್ನು ಸಭೆಯಲ್ಲಿ ಓದುವವನ ಹಾಗೆ ಓದತೊಡಗಿದೆ. ಅರ್ಧ ಪುಟವಾಗಿರಬಹುದು.

“ನಿಲ್ಲಸ್ರಿ,” ಎಂದರು. ಫೋನನ್ನು ಕೆಳಗಿಟ್ಟರು. “ನಿಮ್ಮನ್ನ ನಾ ಬಲ್ಲೆ ಸರ. ನೀವು ಭಾಳ ವರ್ಷ ನಮ್ಮನ್ಯಾಗ ಇದ್ರಿ.”

ತಮಗೆಲ್ಲೋ ತಪ್ಪು ತಿಳಿವಳಿಕೆಯಾಗಿದೆ ಮೇಡಂ ಎಂದೆ, ನನಗೆ ಬರುವ ಅತ್ಯಂತ ಶುದ್ಧವಾದ ಕನ್ನಡದಲ್ಲಿ.

“ಎಷ್ಟ ಇಸ್ತ್ರಿ ಹೊಡದ್ರೂ ಅರಿವಿ ಅದ ಅಲ್ಲೇನ್ರಿ?”

ಅವರಿಗೆ ಸಂತೋಷವಾಗಿತ್ತು. ಅದು ನನಗೆ ಇನ್ನೂ ಕಷ್ಟವಾಯಿತು. ಹಾಸ್ಟೆಲಿನ ದಿನಗಳಿಂದ ಈ ದನಿಯನ್ನು ಕೇಳುತ್ತ ಬಂದದ್ದು, ನೌಕರಿಯ ಪರೀಕ್ಷೆಗೂ ಇದರಿಂದಲೇ ಓದಿಸಿಕೊಂಡು ಪಾಸಾದದ್ದು ಎಲ್ಲವನ್ನೂ ಹೇಳಿದರು. ಆಮೇಲೆ ಈ ದನಿ ಹೋದದ್ದೆಲ್ಲಿಗೆ, ತೆಗೆದವರು ಯಾರು ಎಂದು ಕೇಳಿದರು. ನಾನು ಹಳೆಯ ರಿಲೀಸುಗಳ ಬಗ್ಗೆ ಪಾಠ ಶುರುಮಾಡಿದೆ. ಹಳತನ್ನು ಎಷ್ಟು ದಿನ ಎಳೆದುಕೊಂಡು ಹೋಗಲಾಗುತ್ತದೆ, ನೋಡಿಕೊಳ್ಳುವವರಿಲ್ಲದ ಪ್ಯಾಕೇಜಿನಿಂದ ಏನೇನು ಅಪಾಯ, ಪದ್ಧತಿ ಹೇಗಿದೆ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವರು ಪೂರ್ತಿ ಕೇಳಿದರು.

“ಅದೆಲ್ಲ ಖರೆ ಇರ್ಬೇಕು. ತಗದವರು ಯಾರು?”

“ನಾನೇ.”

“ಯಾಕ?”

ಕಣ್ಣು ಕಾಣುವವರ ಎದುರಾಗಿದ್ದರೆ ಮುಖ ತಿರುಗಿಸಿ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆನೇನೋ. ಇವರ ಮುಂದೆ ಮುಖ ತಿರುಗಿಸಿ ಪ್ರಯೋಜನವಿಲ್ಲ, ದನಿ ಮಾತ್ರ ಉಳಿದಿತ್ತು. ನಾಚಿಕೆಯಾಗುತ್ತಿತ್ತು ಎಂದೆ. ಹಂಪಿಯಲ್ಲಿ ನಕ್ಕಿದ್ದನ್ನೂ ಹೇಳಿದೆ. ಇಷ್ಟಕ್ಕಾದರೂ ಅವರು ಅಯ್ಯೋ ಪಾಪ ಎನ್ನಬಹುದು ಎಂಬ ಆಸೆ ನನಗಿತ್ತು, ಅದನ್ನು ಯಾಕೆ ಮುಚ್ಚಿಡಲಿ.

“ನಿಮ್ಮ ದನಿ ನಿಮಗ ಬ್ಯಾಡಾದ್ರ ನೀವು ಬಿಡ್ರಿ,” ಎಂದರು. “ನನ್ನ ಕಿವ್ಯಾಗಿಂದ ಕಿತ್ತಾಕ ನಿಮಗ ಯಾರು ಹೇಳಿದ್ರು?”

ಅವರು ದನಿ ಏರಿಸಿರಲಿಲ್ಲ. ತಾಯಿ ಕೊಡ ಇಳಿಸಿದ ಸದ್ದಾಯಿತು. ಬರುವ ಭಾನುವಾರದೊಳಗೆ ಏನಾದರೂ ಮಾಡುತ್ತೇನೆ ಎಂದು ಹೇಳಿ ಎದ್ದೆ. ಅವರು ತಾಯಿಗೆ ಏನೂ ಹೇಳಲಿಲ್ಲ. ನಾನು ಹೊರಡುವಾಗ ತಾಯಿ, ದನಿ ಸಿಕ್ಕಿತೇ ಎಂದು ಮಗಳನ್ನು ಕೇಳಿದರು. ಸರ್ ಹುಡುಕಿ ತರುತ್ತಾರಂತೆ ಎಂದಷ್ಟೇ ಮಗಳು ಹೇಳಿದ್ದು ಕೇಳಿಸಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕಬ್ಬಿನ ಗದ್ದೆಗಳ ಕಡೆ ಮುಖ ಮಾಡಿಕೊಂಡು ಬಂದೆ. ನಾಚಿಕೆಯಲ್ಲೂ ಜಾತಿಗಳಿವೆ ಎಂದು ಅವತ್ತು ತಿಳಿಯಿತು. ಹಂಪಿಯ ನಾಚಿಕೆ ನನ್ನ ಬಗ್ಗೆ ಬೇರೆಯವರು ಏನೆಂದುಕೊಂಡರೋ ಎಂಬುದು, ಅದನ್ನು ನಾನು ವರ್ಷಗಟ್ಟಲೆ ಮುದ್ದಾಗಿ ಸಾಕಿದ್ದೆ. ಇದು ಹಾಗಲ್ಲ. ಕಣ್ಣು ಕಾಣದ ಹೆಣ್ಣುಮಗಳೊಬ್ಬಳ ನೌಕರಿಯನ್ನು ನನ್ನ ಒಣಜಂಬಕ್ಕೆ ಒತ್ತೆಯಿಟ್ಟಿದ್ದೆ. ಯಾರೂ ಬಳಸುತ್ತಿಲ್ಲ ಎಂದು ಬರೆಯುವಾಗ ನಾನು ಯಾರನ್ನು ಕೇಳಿದ್ದೆ? ಇಂಗ್ಲಿಷಿನಲ್ಲಿ ಪ್ರಕಟಣೆ ಹಾಕಿ, ಕನ್ನಡ ಓದುವ ದನಿಯೊಂದನ್ನು ಬಳಸುವವರು ಉತ್ತರ ಕೊಡಲಿಲ್ಲವೆಂದು ಸಮಾಧಾನ ಪಟ್ಟುಕೊಂಡಿದ್ದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವರು ಅವರು.

ಬಳಗಕ್ಕೆ ಬರೆದೆ. ನನ್ನ ಪ್ಯಾಕೇಜನ್ನು ಮತ್ತೆ ಇಡಿ, ಅದನ್ನು ಬಳಸುವವರು ಇದ್ದಾರೆ, ನಾನು ಬರೆದ ಕಾರಣವೇ ತಪ್ಪು ಎಂದು. ಎಲ್ಲರೂ ಓದುವ ಜಾಗದಲ್ಲೇ ಇದನ್ನು ಬರೆದೆ. ಬಂದ ಉತ್ತರ ಸಭ್ಯವಾಗಿತ್ತು. ಅಷ್ಟರಲ್ಲಿ ಆ ಹಳೆಯ ರಿಲೀಸುಗಳನ್ನು ಮುಚ್ಚಿಯಾಗಿತ್ತು, ಇನ್ನು ಅವುಗಳಿಗೆ ಏನನ್ನೂ ಸೇರಿಸುವಂತಿಲ್ಲ. ಹೊಸದಕ್ಕೆ ಬೇಕಾದರೆ ಮೂಲ ರೆಕಾರ್ಡು ಕೊಡಿ, ಹೊಸದಾಗಿ ಕಟ್ಟೋಣ ಎಂದರು. ಮೂಲ ಎಲ್ಲಿದೆ? ಕೊನೆಗೆ ಬಳಗದ ಒಬ್ಬಾಕೆ ದಾರಿ ತೋರಿಸಿದರು. ನಾನು ಗುಡಿಸಿದ್ದಕ್ಕಿಂತ ಮುಂಚೆಯೇ ಮುಚ್ಚಿದ್ದ, ಇನ್ನೂ ಹಳೆಯದೊಂದು ರಿಲೀಸು ಉಗ್ರಾಣದಲ್ಲಿ ಇದ್ದ ಹಾಗೆಯೇ ಇದೆ, ನನ್ನ ಪೊರಕೆ ಅಲ್ಲಿಯವರೆಗೆ ಹೋಗಿಲ್ಲ. ಅದರಲ್ಲಿ ದನಿಯೂ ಇದೆ. ಲ್ಯಾಪ್‌ಟಾಪಿಗೆ ಆ ಮುದಿ ರಿಲೀಸನ್ನೇ ಹಾಕಿದರೆ ದನಿ ಬರುತ್ತದೆ. ಹಳತನ್ನು ಬಿಡಿಸುವುದೇ ನನ್ನ ಕೆಲಸ, ಈಗ ಒಬ್ಬರಿಗೆ ಇನ್ನೂ ಹಳತನ್ನು ಹೊರಿಸಲು ಹೊರಟೆ. ಅಷ್ಟು ಹಳತಕ್ಕೆ ವೈರಸ್ಸು ಬೇಗ ಹತ್ತುತ್ತದೆ, ಅದನ್ನು ಇಂಟರ್ನೆಟ್ಟಿಗೆ ಜೋಡಿಸಬಾರದು ಎಂದು ಫೋನು ಮಾಡಿ ಎಚ್ಚರಿಕೆ ಹೇಳಿದೆ. ನಿಯಮಗಳನ್ನು ಕೇಳಲು ಇಂಟರ್ನೆಟ್ಟು ಯಾಕೆ ಎಂದರು.

ಮುಂದಿನ ಭಾನುವಾರ ಮತ್ತೆ ಅದೇ ಚಾಪೆ. ಕೆಲಸ ಮುಗಿದು ದನಿ ಬಂದಾಗ ಆಕೆ ವೇಗ ಹೆಚ್ಚಿಸಿ ಒಂದಷ್ಟು ಕೇಳಿದರು. ಹುರಿಗಡಲೆ ಸುರಿಯಿತು. ಅವರ ಬಿಗಿದ ಬಾಯಿ ಸಡಿಲಾಯಿತು, ತಲೆ ಆಡಿಸುತ್ತ ಕೇಳುತ್ತಿದ್ದರು. ಆಮೇಲೆ ಆಕೆ ಪರೀಕ್ಷೆ ಪಾಸಾದರು, ನೌಕರಿಯೂ ಕಾಯಂ ಆಯಿತು. ಅದು ಅವರ ಓದಿನ ಫಲ, ಅದರಲ್ಲಿ ನನ್ನ ಪಾಲೇನಿಲ್ಲ.

ನಾನು ಇದನ್ನೆಲ್ಲ ಬರೆಯುತ್ತಿರುವುದು ಆ ಭಾನುವಾರ ಅದಾದ ಮೇಲೆ ನಡೆದದ್ದಕ್ಕಾಗಿ. ಅವ್ವನೂ ಕೇಳಲಿ ಎಂದು ಆಕೆ ವೇಗ ಇಳಿಸಿದರು. ಗಳಿಕೆ ರಜೆಯ ನಿಯಮವೊಂದನ್ನು ನನ್ನ ಹಳೆಯ ದನಿ ನಿಧಾನವಾಗಿ, ಕೊನೆಗಳನ್ನು ನುಂಗಿ, ನಡುವೆ ಜಗ್ಗಿ ಓದತೊಡಗಿತು. ತಾಯಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಬಂದನೇನವ್ವ ನಮ್ಮ ಹುಡುಗ ಎಂದು ಮಗಳ ತಲೆ ಮುಟ್ಟಿದರು. ಅಷ್ಟು ಒಣ ನಿಯಮವನ್ನು ಮಗನ ಪತ್ರ ಓದಿಸಿ ಕೇಳುವವರಂತೆ ಕೇಳಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, ನಿಮಗೆ ಪುಣ್ಯ ಬರಲಿ, ನಿಮ್ಮದು ಯಾವೂರು, ಮೈಸೂರು ಕಡೆಯೇ ಎಂದು ವಿಚಾರಿಸಿದರು.

ಇಲ್ಲಮ್ಮ, ನಾನು ಹುಟ್ಟಿದ್ದು ಇದೇ ಕಂಪ್ಲಿಯಲ್ಲಿ ಎಂದೆ. ಹೌದೇನು ಎಂದರು, ನಂಬಿದವರ ಹಾಗೆ ಕಾಣಲಿಲ್ಲ. ಮಗಳು ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಆಕೆ ತುಟಿ ಬಿಚ್ಚಲಿಲ್ಲ. ಬೇಕೆಂದೇ ಬಿಚ್ಚಲಿಲ್ಲ, ಅದು ನನಗೆ ಗೊತ್ತು. ಕೊನೆಗೆ ನಾನೇ ಬಾಯಿಬಿಟ್ಟೆ.

“ಅಮ್ಮಾ, ಈಗ ಓದಿತಲ್ಲ, ಆ ಧ್ವನಿ ನನ್ನದೇ.”

ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದೊಡ್ಡವರು ಏನೋ ತಮಾಷೆ ಮಾಡುತ್ತಿದ್ದಾರೆ, ಮನಸ್ಸಿಗೆ ನೋವಾಗದಂತೆ ಉತ್ತರ ಕೊಡಬೇಕು ಎಂಬಂತೆ ನಕ್ಕರು.

“ಇರ್ಲಿ ಬಿಡ್ರಿ ಸರ,” ಎಂದರು. “ಅವ ನಮ್ಮಂಗ ಮಾತಾಡ್ತಾನ.”